ನೋಟ್ಸ್ ರಾಶಿ ಬಿದ್ದಿದೆ, ಒಂದೊಂದು ವಿಷಯಕ್ಕೂ ಒಂದು ಪುಟದ ಪರಿಚಯ ಬರೆಯುವುದು ಹೇಗೆ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ನೋಟ್ಸ್ ಆ್ಯಪ್ ಅಬ್ಸಿಡಿಯನ್‌ನಲ್ಲಿ ನನ್ನದೇ ಒಂದು ಟಿಪ್ಪಣಿ ಸಂಗ್ರಹ ಇಟ್ಟುಕೊಂಡಿದ್ದೇನೆ. ಓದಿದ್ದು, ಯಾರೋ ಹೇಳಿದ್ದು, ಊರೂರು ಸುತ್ತುವಾಗ ಕಣ್ಣಿಗೆ ಬಿದ್ದದ್ದು ಎಲ್ಲ ಅದರೊಳಗೆ ಹೋಗುತ್ತದೆ. ನಮ್ಮದು ಕೋಲಾರದ ಕಡೆ, ಹಾಗಾಗಿ ಕೆರೆಗಳ ಮೇಲೆ ಆಸೆ ಜಾಸ್ತಿ. ಆ ಫೋಲ್ಡರ್ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ನೋಟ್‌ಗಳಿವೆ. ಏರಿಯ, ಅಂದರೆ ಕೆರೆಯ ಕಟ್ಟೆಯ ಅಳತೆ, ತೂಬಿನ ಫೋಟೋ, ಕೆರೆ ನೀರು ಹಂಚುವ ನೀರಗಂಟಿಗಳು ಹೇಳಿದ ಮಾತು, ಶಾಸನದಲ್ಲಿ ಬರುವ ಪದಗಳು, ಎಲ್ಲ ತುಂಡು ತುಂಡಾಗಿ ಬಿದ್ದಿವೆ.

ಹೋದ ತಿಂಗಳು ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪ, ತೂಬು ಅಂತೀರಿ, ಕೋಡಿ ಅಂತೀರಿ, ಎರಡೂ ನೀರು ಆಚೆ ಹೋಗುವ ಜಾಗ ತಾನೇ, ಮತ್ತೆ ಎರಡು ಯಾಕೆ?" ಅವಳು ಪಿಯುಸಿ ಓದುತ್ತಿದ್ದಾಳೆ, ಜಾಣೆ. ಇದನ್ನು ಓದು ಎಂದು ಕೈಗೆ ಕೊಡೋಣ ಅಂತ ಫೋಲ್ಡರ್ ತೆಗೆದೆ. ಇನ್ನೂರು ನೋಟ್‌ಗಳಲ್ಲಿ ಕೊಡುವಂಥದ್ದು ಒಂದೂ ಸಿಗಲಿಲ್ಲ. ಅವಳ ಮಾತು ಬಿಡಿ, ಎರಡು ವರ್ಷದ ಹಿಂದಿನ ಕೆಲವು ನೋಟ್‌ಗಳು ನನಗೇ ಅರ್ಥವಾಗಲಿಲ್ಲ.

ಹಾಗಾಗಿ ಒಂದೊಂದು ಫೋಲ್ಡರಿಗೂ ಒಂದು ಪುಟ ಬರೆದಿಡಬೇಕು ಅನ್ನಿಸಿದೆ. ಪ್ರೈಮರ್ ಅನ್ನುತ್ತಾರಲ್ಲ, ಆ ಥರದ್ದು. ನಾನು ಪರಿಚಯ ಪುಟ ಎಂದು ಕರೆಯುತ್ತಿದ್ದೇನೆ. ಎರಡು ಸಲ ಬರೆದು ನೋಡಿದೆ. ಮೊದಲನೆಯದು ಹನ್ನೊಂದು ಪುಟ ಆಯಿತು. "ಕೆರೆ ಎಂದರೆ ಮಳೆನೀರನ್ನು ಸಂಗ್ರಹಿಸಲು ಮಾನವ ನಿರ್ಮಿಸಿದ ಜಲಾಶಯ" ಎಂದು ಶುರುವಾಗುತ್ತಿತ್ತು. ಮಗು ಎರಡು ಪ್ಯಾರಾ ಓದಿ ಫೋನ್ ವಾಪಸ್ ಕೊಟ್ಟಳು. ಎರಡನೆಯದು ಅರ್ಧ ಪುಟ, ಬರೀ ಪದ ಮತ್ತು ಅರ್ಥ. ನಿಘಂಟಿನ ಹಾಳೆ ಹರಿದಿಟ್ಟ ಹಾಗಿತ್ತು.

ನಿಮ್ಮಲ್ಲಿ ಯಾರಾದರೂ ಈ ಥರ ಬರೆದಿಟ್ಟುಕೊಂಡಿದ್ದೀರಾ? ಎಷ್ಟು ಉದ್ದ ಇರಬೇಕು, ಎಲ್ಲಿಂದ ಶುರು ಮಾಡಬೇಕು, ಏನು ಬಿಡಬೇಕು? ಬಿಡುವುದೇ ನನಗೆ ಕಷ್ಟ, ಎಲ್ಲವೂ ಮುಖ್ಯ ಅನ್ನಿಸುತ್ತದೆ.

---

ಹಳೇಮೇಷ್ಟ್ರು

ನಿಮ್ಮ ಮೊದಲ ವಾಕ್ಯ ಆಗಲೇ ಸಿಕ್ಕಿದೆಯಲ್ಲ. ಹುಡುಗಿ ಕೇಳಿದ ಪ್ರಶ್ನೆಯೇ ಅದು. ಎರಡು ಯಾಕೆ? ಅಲ್ಲಿಂದ ಶುರು ಮಾಡಿ. ಕೆರೆ ಎಂದರೇನು ಎಂದು ಅವಳು ಕೇಳಲೇ ಇಲ್ಲ. ಕೋಲಾರದ ಮಗುವಿಗೆ ಅದನ್ನು ಹೇಳಿಕೊಡುವುದು ಬೇಕಿಲ್ಲ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಛಂದಸ್ಸು ಅಂದರೆ ಮಕ್ಕಳಿಗೆ ಭಯ. ಮೊದಮೊದಲು ನಾನೂ ಛಂದಸ್ಸಿನ ಲಕ್ಷಣ, ಅದರ ವಿಧಗಳು ಎಂದೇ ಶುರು ಮಾಡುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆಯಲ್ಲಿ ಒಂದು ಸಾಲು ಕೊಟ್ಟರೆ ಪ್ರಸ್ತಾರ ಹಾಕಲು, ಅಂದರೆ ಯಾವ ಅಕ್ಷರ ಒಂದು ಮಾತ್ರೆಯ ಲಘು, ಯಾವುದು ಎರಡು ಮಾತ್ರೆಯ ಗುರು ಎಂದು ಗುರುತು ಹಾಕಲು, ಆಗುತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯಿತು, ಎಲ್ಲರೂ ಎಡವುವ ಕಲ್ಲು ಒಂದೇ. ಒತ್ತಕ್ಷರ. "ಕತ್ತಿ" ಎಂದು ಬರೆದು ಗುರು ಎಲ್ಲಿದೆ ಎಂದು ಕೇಳಿದರೆ ಮಕ್ಕಳು ಒತ್ತಿರುವ "ತ್ತಿ" ಮೇಲೆ ಗೆರೆ ಹಾಕುತ್ತಾರೆ. ಗುರು ಆಗುವುದು ಅದರ ಹಿಂದಿನ "ಕ". "ತ್ತಿ" ಲಘು. ಬಾಯಲ್ಲಿ ಹೇಳಿ ನೋಡಿ, ಕತ್ ಎಂದು ನಾಲಿಗೆ ನಿಲ್ಲುತ್ತದೆ, ಆ ನಿಲ್ಲುವ ಹೊತ್ತಿಗೇ ಎರಡು ಮಾತ್ರೆ. ಇದೊಂದು ಗಂಟು ಬಿಚ್ಚಿದರೆ ಮುಂದಿನದು ಸಲೀಸು.

ನಾನು ನನಗಾಗಿ ಬರೆದಿಟ್ಟುಕೊಂಡಿರುವ ಛಂದಸ್ಸಿನ ಪುಟ ಹೀಗೆ ಶುರುವಾಗುತ್ತದೆ. "ಮಳೆಯು ಬಂದಿತು ಕೆರೆಯು ತುಂಬಿತು." ಇದನ್ನು ಗಟ್ಟಿಯಾಗಿ ಹೇಳಿ. ಮಳೆಯು, ಮೂರು ಮಾತ್ರೆ. ಬಂದಿತು, ನಾಲ್ಕು. "ಬಂ" ಅನ್ನುವಲ್ಲಿ ಸೊನ್ನೆ ಇರುವುದರಿಂದ ಅದು ಎರಡು. ಕೆರೆಯು, ಮೂರು. ತುಂಬಿತು, ನಾಲ್ಕು. ಒಟ್ಟು 14. ಮೂರು, ನಾಲ್ಕು, ಮೂರು, ನಾಲ್ಕು. ಇದೇ ಭಾಮಿನಿ ಷಟ್ಪದಿಯ ಒಂದು ಸಾಲಿನ ನಡೆ. ಆರು ಸಾಲಿನಲ್ಲಿ 1, 2, 4, 5ನೇ ಸಾಲು ಹೀಗೆ. 3 ಮತ್ತು 6ನೇ ಸಾಲು ಇದರ ಒಂದೂವರೆ ಪಟ್ಟು, ಕೊನೆಗೆ ಒಂದು ಗುರು, ಅಂದರೆ 23. ಕುಮಾರವ್ಯಾಸ ಭಾರತ ಪೂರ್ತಿ ಈ ನಡೆಯಲ್ಲೇ ಇದೆ. ಇಷ್ಟು ಹೇಳಿ ಆಮೇಲೆ ಲಘು ಎಂದರೇನು, ಗುರು ಎಂದರೇನು ಎಂದು ಬರೆದಿದ್ದೇನೆ. ಅಷ್ಟು ಹೊತ್ತಿಗೆ ಓದುವವನ ಬಾಯಿಗೆ ಅದು ಬಂದುಬಿಟ್ಟಿರುತ್ತದೆ, ಹೆಸರು ಇಡುವುದಷ್ಟೇ ಬಾಕಿ.

ವಾರ್ಧಕ, ಕಂದ, ರಗಳೆ ಹೀಗೆ ಬೇರೆ ಛಂದಸ್ಸು ಯಾವುದೂ ಆ ಪುಟದಲ್ಲಿಲ್ಲ. ಬಿಡುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ, ಅದರಲ್ಲೂ ಕಂದ ನನಗೆ ಪ್ರೀತಿಯದು. ಆದರೂ ಒಂದು ಷಟ್ಪದಿ ಅರ್ಥವಾದವರಿಗೆ ಉಳಿದದ್ದಕ್ಕೆ ಬೇರೆ ಪುಟ ಸಾಕು.

---

ಗುಂಟೆಲೆಕ್ಕ

ಮೇಷ್ಟ್ರು ಹೇಳಿದ್ದು ನನಗೆ ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಆದ ಅನುಭವ. ಅಪ್ಪ ಹೋದ ಮೇಲೆ ಜಮೀನಿನ ಕಾಗದ ನೋಡುವ ಕೆಲಸ ನನ್ನ ತಲೆಗೆ ಬಂತು. ಮೊದಲ ವರ್ಷ ಏನೂ ತಿಳಿಯುತ್ತಿರಲಿಲ್ಲ. ಕೇಳಿದವರೆಲ್ಲ ಅವರವರಿಗೆ ಗೊತ್ತಿದ್ದ ಹಾಗೆ ಬೇಗಬೇಗ ಹೇಳಿ ಮುಗಿಸುತ್ತಿದ್ದರು. ನಾನು ಕಲಿತದ್ದನ್ನೆಲ್ಲ ಗೂಗಲ್ ಕೀಪ್‌ನಲ್ಲಿ ಹಾಕುತ್ತಾ ಹೋದೆ. ಆಮೇಲೆ ತಂಗಿಗೂ ತಿಳಿದಿರಲಿ, ನನಗೊಬ್ಬಳಿಗೇ ಗೊತ್ತಿದ್ದರೆ ಸರಿಯಲ್ಲ ಎಂದು ಎರಡು ಪುಟ ಬರೆದೆ.

ನಾನು ಶುರು ಮಾಡಿದ್ದು ಒಂದು ಲೆಕ್ಕದಿಂದ. ಪಹಣಿಯಲ್ಲಿ ಒಂದು ಕಡೆ 1.30 ಇದೆ, ಇನ್ನೊಂದು ಸರ್ವೆ ನಂಬರಿನಲ್ಲಿ 1.20 ಇದೆ, ಒಟ್ಟು ಎಷ್ಟು? ಎಲ್ಲರೂ 2.50 ಎನ್ನುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಸರಿಯಾದ ಉತ್ತರ 3.10. ಚುಕ್ಕೆಯ ಆಚೆ ಇರುವುದು ಗುಂಟೆ, ಎಕರೆಗೆ 40 ಗುಂಟೆ. 30 ಮತ್ತು 20 ಸೇರಿ 50 ಗುಂಟೆ, ಅಂದರೆ ಒಂದು ಎಕರೆ ಹತ್ತು ಗುಂಟೆ. ಹಾಗೆಯೇ 2.20 ಅಂದರೆ ಎರಡೂವರೆ ಎಕರೆ. ಈ ಒಂದು ವಿಷಯ ಗೊತ್ತಿಲ್ಲದೆ ನಾನು ಆರು ತಿಂಗಳು ನಮ್ಮ ಜಮೀನನ್ನು ತಪ್ಪಾಗಿ ಲೆಕ್ಕ ಹಾಕಿದ್ದೆ, ಭಾಗದ ಮಾತು ಬಂದಾಗ ತಮ್ಮನ ಜೊತೆ ಮನಸ್ತಾಪವೂ ಆಯಿತು. ಅದಕ್ಕೇ ಅದನ್ನು ಪುಟದ ತಲೆಯ ಮೇಲೆ ಇಟ್ಟೆ.

ಅದಾದ ಮೇಲೆ ನಮ್ಮದೇ ಪಹಣಿಯ ಫೋಟೋ ಹಾಕಿ, ಎಲ್ಲಿ ಏನು ನೋಡಬೇಕು ಎಂದು ಬರೆದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ, ಬ್ಯಾಂಕಿನ ಸಾಲ ಇದ್ದರೆ ಅಲ್ಲಿ ಕಾಣುತ್ತದೆ. ಖರಾಬಿನಲ್ಲಿ ಅ ಮತ್ತು ಬ ಎರಡು ಇರುತ್ತವೆ. ಅ ಅಂದರೆ ಕಲ್ಲು ಬಂಡೆ ಹೀಗೆ ಸಾಗುವಳಿಗೆ ಬಾರದ ಜಾಗ, ಬ ಅಂದರೆ ದಾರಿ, ಹಳ್ಳ ಮುಂತಾದ ಸಾರ್ವಜನಿಕರದ್ದು. ಬೇರೆ ಕಾಲಂಗಳ ಬಗ್ಗೆ ಬರೆಯಲಿಲ್ಲ. ನಮಗೆ ಬೇಕಾದಾಗ ನೋಡಿಕೊಂಡರೆ ಆಯಿತು.

ಪುಟ ಸರಿ ಇದೆಯೋ ಇಲ್ಲವೋ ನೋಡಲು ನಾನು ಮಾಡಿದ್ದು ಇಷ್ಟೇ. ತಂಗಿಗೆ ಕೊಟ್ಟು, ನಾನು ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡುತ್ತಿದ್ದೆ. ಅವಳು ಎಲ್ಲಿ ಮತ್ತೆ ಮೇಲಿನ ಸಾಲಿಗೆ ಹೋಗಿ ಓದುತ್ತಾಳೋ ಆ ಜಾಗಕ್ಕೆ ಪೆನ್ಸಿಲ್ ಗುರುತು. ಕೊನೆಗೆ ಎರಡು ಪಹಣಿ ಕೊಟ್ಟು ಕೂಡಿಸು ಎಂದೆ. ಮೊದಲ ಸಲ ತಪ್ಪಿತು, ತಪ್ಪು ನನ್ನ ಪುಟದ್ದು, "ಚುಕ್ಕೆಯ ಆಚೆ" ಎಂಬುದು ಬಲಗಡೆಯೋ ಎಡಗಡೆಯೋ ಅವಳಿಗೆ ಗೊತ್ತಾಗಲಿಲ್ಲ. "ಚುಕ್ಕೆಯ ಬಲಕ್ಕೆ" ಎಂದು ತಿದ್ದಿದೆ. ನೀವು ಮಗಳ ಪಕ್ಕ ಕೂತು ನೋಡಿ, ಅವಳು ಫೋನ್ ವಾಪಸ್ ಕೊಟ್ಟ ಜಾಗದಲ್ಲೇ ನಿಮ್ಮ ಉತ್ತರ ಇದೆ.

---

ಕರಿಪರದೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮೇಲಿನ ಇಬ್ಬರೂ ಬೇರೆಯವರಿಗೆ ಕಲಿಸುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಸ್ವಂತ ಸಂಗ್ರಹ ಅಂದರೆ ಮೊದಲ ಓದುಗ ನೀವೇ, ಒಂದೂವರೆ ವರ್ಷ ಬಿಟ್ಟು ಮರೆತು ಬರುವ ನೀವು. ಆ ಮನುಷ್ಯ ಜಾಣ, ಆದರೆ ಅವಸರದಲ್ಲಿರುತ್ತಾನೆ. ಅವನಿಗೆ ಕಥೆ ಬೇಡ, ಹೋದ ಸಲ ಎಲ್ಲಿ ಸಿಕ್ಕಿಹಾಕಿಕೊಂಡೆ ಎನ್ನುವುದು ಬೇಕು.

ನಾನು ಹುಬ್ಬಳ್ಳಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆಯ ಫೋಟೋಗಳ ಬ್ಯಾಕಪ್‌ಗೆ ಆರ್‌ಸಿಂಕ್ ಎಂಬ ಫೈಲ್ ಕಾಪಿ ಮಾಡುವ ಪ್ರೋಗ್ರಾಂ ಬಳಸುತ್ತೇನೆ. ಅದರಲ್ಲಿ ಎಲ್ಲಿಂದ ಕಾಪಿ ಮಾಡಬೇಕೋ ಆ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಗೆರೆ ಇಲ್ಲದಿದ್ದರೆ ಫೋಲ್ಡರನ್ನೇ ಎತ್ತಿಕೊಂಡು ಹೋಗಿ ಅಲ್ಲಿ ಇಡುತ್ತದೆ. ಗೆರೆ ಇದ್ದರೆ ಒಳಗಿರುವುದನ್ನು ಮಾತ್ರ ಸುರಿಯುತ್ತದೆ. ಜೊತೆಗೆ ಡಿಲೀಟ್ ಆಯ್ಕೆಯನ್ನೂ ಹಾಕಿದ್ದರೆ, ಈ ಕಡೆ ಇಲ್ಲದ್ದನ್ನೆಲ್ಲ ಆ ಕಡೆ ಅಳಿಸುತ್ತದೆ. ನಾನು ಒಂದು ರಾತ್ರಿ ಗೆರೆ ಹಾಕಿ, ಡಿಲೀಟೂ ಹಾಕಿ ಎಂಟರ್ ಒತ್ತಿದೆ. ಬ್ಯಾಕಪ್ ಡಿಸ್ಕಿನಲ್ಲಿ ಮೊದಲಿನಿಂದ ಇದ್ದ ಬೇರೆ ಫೋಲ್ಡರುಗಳೆಲ್ಲ ಹೋದವು. ಅಮ್ಮನ ಅರವತ್ತನೇ ವರ್ಷದ ಫೋಟೋಗಳು ಅದರಲ್ಲಿದ್ದವು. ಕೆಲವು ನೆಂಟರ ಫೋನಿನಲ್ಲಿ ಸಿಕ್ಕವು, ಎಲ್ಲವೂ ಸಿಗಲಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಆರ್‌ಸಿಂಕ್‌ಗೆ ನನ್ನ ಪುಟ ಬರೆದೆ. ಹದಿನೈದು ಸಾಲು ಅಷ್ಟೇ. ಮೊದಲ ಸಾಲು, ಮೊದಲು ಡ್ರೈ ರನ್ ಮಾಡು, ಅಂದರೆ ಏನನ್ನೂ ಮುಟ್ಟದೆ ಏನಾಗುತ್ತದೆ ಎಂದು ಬರೀ ತೋರಿಸುವ ಓಟ, ಏನೇನು ಅಳಿಸುತ್ತದೆ ಓದು. ಎರಡನೆಯದು ಆ ಗೆರೆಯ ವಿಷಯ, ಎರಡು ಪುಟ್ಟ ಉದಾಹರಣೆ ಸಮೇತ. ನೋವು ಹಸಿ ಇದ್ದಾಗಲೇ ಬರೆಯಬೇಕು. ಆರು ತಿಂಗಳು ಕಳೆದರೆ ಅದು ಅಭ್ಯಾಸವಾಗಿಬಿಡುತ್ತದೆ, ಯಾವುದು ಕಷ್ಟವಾಗಿತ್ತು ಎಂಬುದೇ ನೆನಪಿರುವುದಿಲ್ಲ. ನನ್ನ ಪ್ರಕಾರ ಪರಿಚಯ ಪುಟವನ್ನು ಪೂರ್ತಿ ಬಲ್ಲವನಿಗಿಂತ, ನಿನ್ನೆ ತಾನೇ ಕಲಿತವನು ಚೆನ್ನಾಗಿ ಬರೆಯುತ್ತಾನೆ.

ಇನ್ನೆರಡು ಮಾತು. ಪುಟದ ಕೆಳಗೆ ಕೊನೆಯ ಸಲ ಕೈಯಾರೆ ಮಾಡಿ ನೋಡಿದ ದಿನಾಂಕ ಬರೆಯಿರಿ. ಬರೆದ ದಿನಾಂಕ ಬೇಡ, ಪರೀಕ್ಷೆ ಮಾಡಿದ ದಿನಾಂಕ. ಇನ್ನೊಂದು, ಚಾಟ್‌ಜಿಪಿಟಿಗೆ ಹೇಳಿದರೆ ಒಂದು ನಿಮಿಷದಲ್ಲಿ ಬರೆದುಕೊಡುತ್ತದಲ್ಲ ಎಂದು ಯಾರಾದರೂ ಹೇಳಬಹುದು. ನಾನೂ ಮಾಡಿ ನೋಡಿದ್ದೇನೆ. ಓದಲು ಚೆನ್ನಾಗಿಯೇ ಇತ್ತು, ಎಲ್ಲವನ್ನೂ ಒಂದೇ ಸಮನೆ ಹೇಳಿತ್ತು. ನಾನು ಎಡವಿದ ಜಾಗ ಅದಕ್ಕೆ ಹೇಗೆ ಗೊತ್ತಾಗಬೇಕು? ಬರೆದಾದ ಮೇಲೆ ಕಾಗುಣಿತ ನೋಡಲು, ಏನಾದರೂ ಬಿಟ್ಟಿದ್ದೇನಾ ಎಂದು ಕೇಳಲು ಬಳಸುತ್ತೇನೆ, ಅಷ್ಟು ಸಾಕು.

---

ಹಳೇಮೇಷ್ಟ್ರು

ಕರಿಪರದೆ ಅವರ ಮಾತಿನಲ್ಲಿ ಒಂದನ್ನು ಪೂರ್ತಿ ಒಪ್ಪುತ್ತೇನೆ, ಕಲಿತ ಬಿಸಿಯಲ್ಲೇ ಬರೆಯಬೇಕು. ಒತ್ತಕ್ಷರದ ಗಂಟು ಕಾಣಲು ನನಗೆ ಅಷ್ಟು ವರ್ಷ ಬೇಕಾದದ್ದು ನಾನು ಅದನ್ನು ಕಲಿತು ಮರೆತಿದ್ದರಿಂದ. ಆದರೆ ಮರೆತು ಬರುವ ನೀವು ಮತ್ತು ಏನೂ ಗೊತ್ತಿಲ್ಲದ ಹುಡುಗಿ, ಇಬ್ಬರೂ ಅಷ್ಟು ದೂರದವರಲ್ಲ. ಅವಳಿಗೆ ತಿಳಿಯುವ ಹಾಗೆ ಬರೆದರೆ ನಿಮಗೂ ತಿಳಿಯುತ್ತದೆ. ನಿಮಗೊಬ್ಬರಿಗೆ ಅಂತ ಬರೆದದ್ದು ಅವಳಿಗೂ ಇಲ್ಲ, ಕೆಲವು ಸಲ ನಿಮಗೂ ಇಲ್ಲ. ಮೊದಲನೇ ಪೋಸ್ಟಿನಲ್ಲಿ ಕೆರೆಏರಿ ಅವರೇ ಹೇಳಿದ್ದಾರಲ್ಲ, ಎರಡು ವರ್ಷದ ಹಿಂದಿನ ನೋಟ್ ತನಗೇ ಅರ್ಥವಾಗಲಿಲ್ಲ ಎಂದು.

---

ಕೆರೆಏರಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮತ್ತೆ ಬರೆದೆ. ಇಲ್ಲೇ ಹಾಕುತ್ತಿದ್ದೇನೆ, ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

"ಕೆರೆಯಿಂದ ನೀರು ಹೊರಗೆ ಹೋಗಲು ಎರಡು ದಾರಿ ಇವೆ. ತೂಬು ನಾವು ತೆರೆದರೆ ಹರಿಯುತ್ತದೆ. ಕೋಡಿ ಯಾರನ್ನೂ ಕೇಳದೆ ತಾನೇ ಹರಿಯುತ್ತದೆ. ತೂಬು ಬೆಳೆಗಾಗಿ, ಕೋಡಿ ಏರಿಯನ್ನು ಉಳಿಸುವುದಕ್ಕಾಗಿ.

ಏರಿ ಮಣ್ಣಿನದು. ನೀರು ಆಳವಾದಷ್ಟೂ ಒತ್ತಡ ಜಾಸ್ತಿ, ಅದಕ್ಕೇ ಏರಿ ಬುಡದಲ್ಲಿ ಅಗಲ, ಮೇಲೆ ಕಿರಿದು. ಎಷ್ಟು ಗಟ್ಟಿ ಏರಿಯಾದರೂ ನೀರು ಅದರ ತಲೆಯ ಮೇಲೆ ಹರಿದರೆ ಮಣ್ಣು ಕೊಚ್ಚಿಕೊಂಡು ಹೋಗಿ ಒಡೆಯುತ್ತದೆ. ಹಾಗೆ ಆಗಬಾರದು ಎಂದು ಏರಿಯ ತಲೆಗಿಂತ ತಗ್ಗಿನಲ್ಲಿ ಒಂದು ಜಾಗ ಬಿಟ್ಟು ಕಲ್ಲು ಕಟ್ಟಿರುತ್ತಾರೆ. ನೀರು ಆ ಮಟ್ಟಕ್ಕೆ ಬಂದ ಕೂಡಲೇ ಅಲ್ಲಿಂದ ಆಚೆ ಹೋಗುತ್ತದೆ. ಅದೇ ಕೋಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆರೆ ಕೋಡಿ ಬಿತ್ತು ಎಂದು ಊರವರು ಹೇಳುವುದು ಇದನ್ನೇ. ಆ ನೀರು ವ್ಯರ್ಥವಲ್ಲ, ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಎಲ್ಲ ಕೆರೆಗಳಲ್ಲೂ ಕೋಡಿ ಏರಿಯ ಒಂದು ತುದಿಯಲ್ಲೇ ಇರುತ್ತದೆ.

ತೂಬು ಏರಿಯ ಬುಡದಲ್ಲಿದೆ. ಏರಿಯ ಅಡಿಯಲ್ಲಿ ಕಲ್ಲಿನ ಕಿರುಗಾಲುವೆ ಇರುತ್ತದೆ. ಕೆರೆಯ ಒಳಗಡೆ ಅದರ ಬಾಯಿಗೆ ಕಲ್ಲಿನಲ್ಲಿ ಒಂದು ತೂತು, ಆ ತೂತಿಗೆ ಮೇಲಿನಿಂದ ಇಳಿಸುವ ಮರದ ಗೂಟ. ಹಳೇ ಕೆರೆಗಳಲ್ಲಿ ನೀರಿನ ನಡುವೆ ಎರಡು ಕಲ್ಲುಕಂಬ ನಿಂತಿರುವುದನ್ನು ನೋಡಿರುತ್ತೀರಿ, ಆ ಗೂಟ ಅತ್ತಿತ್ತ ವಾಲದೆ ನೇರವಾಗಿ ಏರಿಳಿಯಲು ಅವು. ಗೂಟ ಎತ್ತಿದರೆ ನೀರು ಅಚ್ಚುಕಟ್ಟಿಗೆ ಹೋಗುತ್ತದೆ. ಯಾವಾಗ ಎತ್ತಬೇಕು, ಯಾರಿಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ನೀರಗಂಟಿ.

ಈ ಪುಟದಲ್ಲಿ ಇಲ್ಲದ್ದು: ಕೆರೆಗೆ ನೀರು ಬರುವ ಕಾಲುವೆಗಳು, ಹೂಳು, ಶಾಸನದ ಪದಗಳು."

ಕೆರೆ ನೋಡಿಕೊಳ್ಳಲು ಬಿಟ್ಟ ಭೂಮಿಗೆ ಶಾಸನಗಳಲ್ಲಿ ಬಿತ್ತುವಟ್ಟ ಎನ್ನುತ್ತಾರೆ, ಅದನ್ನು ಸೇರಿಸಬೇಕು ಎಂದು ಕೈ ತುರಿಸುತ್ತಿತ್ತು. ನನಗೆ ಅಷ್ಟು ಇಷ್ಟವಾದ ಪದ ಅದು. ಕೊನೆಗೆ ಬೇರೆ ನೋಟಿಗೆ ಹಾಕಿ ಲಿಂಕ್ ಕೊಟ್ಟೆ.

---

ಗುಂಟೆಲೆಕ್ಕ

ತುಂಬ ಚೆನ್ನಾಗಿದೆ. ಮೊದಲ ನಾಲ್ಕು ಸಾಲಿನಲ್ಲೇ ಮಗುವಿನ ಪ್ರಶ್ನೆಗೆ ಉತ್ತರ ಬಂತು. "ಈ ಪುಟದಲ್ಲಿ ಇಲ್ಲದ್ದು" ಎಂದು ಬರೆದದ್ದು ನನಗೆ ಹೊಳೆದೇ ಇರಲಿಲ್ಲ, ನಾನೂ ನನ್ನ ಪಹಣಿ ಪುಟಕ್ಕೆ ಸೇರಿಸುತ್ತೇನೆ. ಮ್ಯುಟೇಶನ್, ಅಂದರೆ ಜಮೀನಿನ ಹಕ್ಕು ಬದಲಾವಣೆ, ಅದರ ಬಗ್ಗೆ ಅಲ್ಲಿ ಇಲ್ಲ ಎಂದು ಗೊತ್ತಿಲ್ಲದೆ ತಂಗಿ ಹುಡುಕಿ ಹುಡುಕಿ ಸುಸ್ತಾಗಿದ್ದಳು.

ಒಂದು ಕಡೆ ಮಾತ್ರ ತಡೆಯಿತು. ಅಚ್ಚುಕಟ್ಟು ಎಂಬ ಪದ ಹೇಳದೆ ಕೇಳದೆ ಬಂದುಬಿಟ್ಟಿದೆ. ಪಟ್ಟಣದಲ್ಲಿ ಬೆಳೆದವರಿಗೆ ಅಚ್ಚುಕಟ್ಟು ಅಂದರೆ ನೀಟಾಗಿ ಇರುವುದು. "ಕೆರೆಯ ನೀರು ತಲುಪುವ ಗದ್ದೆಗಳಿಗೆ ಹೋಗುತ್ತದೆ, ಆ ಗದ್ದೆಗಳಿಗೆಲ್ಲ ಸೇರಿ ಅಚ್ಚುಕಟ್ಟು ಎನ್ನುತ್ತಾರೆ" ಎಂದು ಒಂದು ಸಾಲು ಸಾಕು.

---

ಹಳೇಮೇಷ್ಟ್ರು

ನನಗೆ ಒಂದೇ ಒಂದು ಆಕ್ಷೇಪ. "ಎಲ್ಲ ಕೆರೆಗಳಲ್ಲೂ ಕೋಡಿ ಒಂದು ತುದಿಯಲ್ಲೇ" ಎಂದಿದ್ದೀರಿ. ಎಲ್ಲ ಕೆರೆಗಳನ್ನು ನೋಡಿದ್ದೀರಾ? "ನಾನು ನೋಡಿದ ಕೆರೆಗಳಲ್ಲಿ" ಎಂದು ಬರೆಯಿರಿ, ಎಷ್ಟು ಕೆರೆ ಎಂದೂ ಬರೆಯಿರಿ. ಚಿಕ್ಕ ಪುಟ ಬರೆಯುವಾಗ ಎಲ್ಲ, ಯಾವಾಗಲೂ, ಮಾತ್ರವೇ ಎಂಬ ಪದಗಳು ತಾವಾಗಿಯೇ ನುಗ್ಗುತ್ತವೆ, ಜಾಗ ಉಳಿಯುತ್ತದಲ್ಲ ಅಂತ. ನಾಳೆ ನಡುವೆ ಕೋಡಿ ಇರುವ ಒಂದು ಕೆರೆ ಸಿಕ್ಕರೆ ಆ ಹುಡುಗಿ ಪುಟದ ಉಳಿದ ಮಾತನ್ನೂ ನಂಬುವುದಿಲ್ಲ.

ಮರದ ಗೂಟದ ಪ್ಯಾರಾಕ್ಕೆ ನಿಮ್ಮ ಕೈಯಿಂದಲೇ ಒಂದು ಚಿತ್ರ ಬರೆದು ಹಾಕಿ. ಅಂದವಾಗಿರಬೇಕೆಂದಿಲ್ಲ. ನಾನು ಮೂರು ಸಲ ಓದಿದೆ, ಚಿತ್ರ ಇದ್ದಿದ್ದರೆ ಒಂದು ಸಲ ಸಾಕಿತ್ತು.

---

ಕೆರೆಏರಿ

ಮೇಷ್ಟ್ರೇ, ಎರಡೂ ತಿದ್ದಿದೆ. ಲೆಕ್ಕ ಹಾಕಿದರೆ ನಾನು ಕೋಡಿ ತನಕ ನಡೆದು ನೋಡಿರುವುದು 37 ಕೆರೆ, ಅಷ್ಟನ್ನೇ ಬರೆದೆ. ಅಚ್ಚುಕಟ್ಟಿನ ಸಾಲು ಸೇರಿಸಿದೆ. ಕರಿಪರದೆ ಅವರು ಹೇಳಿದ ಹಾಗೆ ಕೆಳಗೆ ದಿನಾಂಕವೂ ಹಾಕಿದೆ, ಕೊನೆಯ ಸಲ ತೂಬಿನ ಹತ್ತಿರ ಹೋಗಿ ನಿಂತ ದಿನದ್ದು. ತೂಬಿನ ಚಿತ್ರ ಬಿಡಿಸಿ ಫೋಟೋ ತೆಗೆದು ಅಂಟಿಸಿದೆ.

ಇವತ್ತು ಬೆಳಿಗ್ಗೆ ಮಗಳಿಗೆ ಕೊಟ್ಟೆ. ಗುಂಟೆಲೆಕ್ಕ ಅವರು ಹೇಳಿದಂತೆ ಪಕ್ಕದಲ್ಲೇ ಸುಮ್ನೆ ಕೂತಿದ್ದೆ. ಪೂರ್ತಿ ಓದಿದಳು, ಚಿತ್ರದ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಹಿಂದಕ್ಕೆ ಹೋಗಲಿಲ್ಲ. ಆಮೇಲೆ ಕೇಳಿದಳು, "ಹಾಗಾದರೆ ಕೋಡಿ ಬಿದ್ದರೆ ಕೆರೆಯಲ್ಲಿ ನೀರು ಜಾಸ್ತಿ ಇದೆ ಅಂತ ಅರ್ಥ, ಅಲ್ವಾ ಚಿಕ್ಕಪ್ಪ?"

ಅಲ್ಲ. ಹೂಳು ತುಂಬಿದ ಕೆರೆ ಬೇಗ ಕೋಡಿ ಬೀಳುತ್ತದೆ. ತಳ ಮೇಲೆ ಬಂದಿರುತ್ತದೆ, ಕೋಡಿಯ ಮಟ್ಟ ಅಲ್ಲೇ ಇರುತ್ತದೆ, ನಡುವೆ ನೀರಿಗೆ ಜಾಗವೇ ಕಡಿಮೆ. ನಮ್ಮೂರಿನ ಕೆರೆ ಕೋಡಿ ಬಿದ್ದಾಗ ಪೂಜೆ ಮಾಡಿ ಬಾಗಿನ ಬಿಟ್ಟಿದ್ದೆವು, ಬೇಸಿಗೆ ಬರುವ ಮೊದಲೇ ತೂಬಿನ ತನಕ ನೀರು ಇಳಿದಿತ್ತು. ಎರಡನೇ ಪುಟವನ್ನು ಅವಳ ಈ ಪ್ರಶ್ನೆಯಿಂದಲೇ ಶುರು ಮಾಡಿದ್ದೇನೆ. ಭಾನುವಾರ ಅವಳನ್ನೂ ಕರೆದುಕೊಂಡು ಹೋಗಿ ಕೆರೆಯೊಳಗೆ ಒಂದು ಕೋಲು ನೆಟ್ಟು ಹೂಳು ಎಷ್ಟಿದೆ ನೋಡಿ ಬಂದು ಉಳಿದದ್ದನ್ನು ಬರೆಯುತ್ತೇನೆ.